ನಾಯಿ ಕಾಯುವ ಮುಕ್ಕಾಲು ಗಂಟೆ

1947ರ ಅಕ್ಟೋಬರ್ ಕೊನೆಯಲ್ಲಿ ಜುನಾಗಢದ ನವಾಬ ಮಹಾಬತ್ ಖಾನ್ ವಿಮಾನ ಹತ್ತಿ ಕರಾಚಿಗೆ ಹೊರಟುಹೋದ. ಪಾಕಿಸ್ತಾನಕ್ಕೆ ಸೇರುತ್ತೇನೆಂದು ಸಹಿ ಹಾಕಿ, ಪ್ರಜೆಗಳು ತಿರುಗಿಬಿದ್ದ ಮೇಲೆ ಮಾಡಿದ ಪಲಾಯನ ಅದು. ಸಂಸ್ಥಾನಗಳ ವಿಲೀನದ ಕತೆ ಬರೆದ ವಿ.ಪಿ. ಮೆನನ್ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಬೇಗಮರಲ್ಲೊಬ್ಬಳಿಗೆ ಕೊನೇ ಗಳಿಗೆಯಲ್ಲಿ ಮಗುವನ್ನು ಅರಮನೆಯಲ್ಲೇ ಬಿಟ್ಟುಬಂದದ್ದು ನೆನಪಾಯಿತಂತೆ. ಅವಳು ಮಗುವನ್ನು ಕರೆತರಲು ಹೋದಾಗ ನವಾಬ ಹಿಡಿಸಿದಷ್ಟು ನಾಯಿಗಳನ್ನು ಹತ್ತಿಸಿಕೊಂಡು ಹಾರಿಯೇಬಿಟ್ಟನಂತೆ. ಬೇಗಮಳ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ. ಆದರೆ ನಾಯಿಗಳ ಮಟ್ಟಿಗೆ ಹೇಳುವುದಾದರೆ, ಅಷ್ಟು ಚೆನ್ನಾಗಿ ವಿಮಾನಯಾನ ಮಾಡಿದ ನಾಯಿಗಳು ಕಡಿಮೆ. ಬಂದ ಕೂಡಲೇ ಹತ್ತಿದವು, ಹತ್ತಿದ ಕೂಡಲೇ ಹೊರಟವು.

ಹೋದ ಮೇ ತಿಂಗಳಲ್ಲಿ ಹೈದರಾಬಾದಿನ ಗೆಳೆಯನೊಬ್ಬ ಫೋನ್ ಮಾಡಿದಾಗ ಈ ನವಾಬ ನೆನಪಾದ. ಕಾಚಿಗುಡದಲ್ಲೇ ಹುಟ್ಟಿ ಬೆಳೆದ ಕನ್ನಡಿಗ ಅವನು; ದೆಹಲಿಗೆ ವರ್ಗವಾಗಿತ್ತು. ಮನೆಯಲ್ಲೊಂದು ಆರು ವರ್ಷದ ಪಗ್. "ದೋಸ್ತ, ಇದನ್ನ ವಿಮಾನದಾಗ ಒಯ್ಯಬಹುದೇನು? ಮ್ಯಾಲ ಉಸಿರುಗಟ್ಟಿ ಸಾಯ್ತದಂತಲ್ಲ?" ಎಂದು ಕೇಳಿದ. ಅವನ ಹೆದರಿಕೆ ಸರಿಯಾದದ್ದೇ, ಜಾಗ ಮಾತ್ರ ತಪ್ಪಿತ್ತು. ನಾಯಿಗೆ ಕಷ್ಟ ಇರುವುದು ಮೇಲಲ್ಲ, ಕೆಳಗೆ.

ಹೈದರಾಬಾದಿಗೆ ವಿಮಾನ ಹೊಸದೇನಲ್ಲ. ನಿಜಾಮರ ಸರ್ಕಾರ ಮತ್ತು ಟಾಟಾದವರು ಸೇರಿ 1945ರಲ್ಲಿ ಡೆಕ್ಕನ್ ಏರ್‌ವೇಸ್ ಕಟ್ಟಿದರು. ಬೀದರ, ಕಲಬುರಗಿ, ರಾಯಚೂರಿನವರಿಗೂ ಆಗ ಹೈದರಾಬಾದೇ ರಾಜಧಾನಿ. ಬೇಗಂಪೇಟೆಯಿಂದ ಹಾರುತ್ತಿದ್ದ ಆ ಕಂಪನಿಯ ಡಕೋಟಾಗಳಲ್ಲಿ ಗಾಳಿಯೊತ್ತಡ ಕಾಪಾಡುವ ಏರ್ಪಾಡು ಇರಲಿಲ್ಲ. ಹಾಗಾಗಿ ಬಹಳ ಎತ್ತರಕ್ಕೆ ಹೋಗುವಂತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ನಿಂತಲ್ಲೇ ತಗಡಿನ ಡಬ್ಬಿಯ ಹಾಗೆ ಕಾಯುತ್ತಿದ್ದ ವಿಮಾನ, ಏರಿದ ಮೇಲೆ ಆರುತ್ತಿತ್ತು. ಕಿಲೋಮೀಟರ್ ಮೇಲಕ್ಕೆ ಹೋದಂತೆ ಹೊರಗಿನ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ.

ಜೆಟ್ ವಿಮಾನ ಬಂದ ಮೇಲೆ ಮನುಷ್ಯರು ಮೇಲೆ, ಪ್ರಾಣಿಗಳು ಕೆಳಗೆ ಎಂದಾಯಿತು. ಆದರೆ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿರುವ ಸರಕಿನ ಖಾನೆಗೂ ನಾವು ಕೂತಲ್ಲಿ ಇರುವಷ್ಟೇ ಗಾಳಿಯೊತ್ತಡ ಇರುತ್ತದೆ. ಒಳಗೆ ಪ್ರಾಣಿ ಇದೆ ಎಂದು ಕ್ಯಾಪ್ಟನ್ನಿಗೆ ಬರಹದಲ್ಲೇ ತಿಳಿಸುತ್ತಾರೆ. ಬಿಸಿ ಹೊಂದಿಸುವ ಸೌಕರ್ಯವಿರುವ ಖಾನೆಯಾದರೆ ಅವರು ಅದನ್ನು ಹೊಂದಿಸುತ್ತಾರೆ. ಎಲ್ಲ ವಿಮಾನದ ಎಲ್ಲ ಖಾನೆಗೂ ಆ ಸೌಕರ್ಯ ಇರುವುದಿಲ್ಲ. ಟಿಕೆಟ್ ಮಾಡಿಸುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ನೆಲದ ಮೇಲೆ ಏನಾಗುತ್ತದೆ ಎಂಬುದನ್ನು ಜಗತ್ತು ಕಲಿತದ್ದು ನಮ್ಮ ದೇಶದ ಮಂಗಗಳಿಂದ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ಅಮೆರಿಕ, ಬ್ರಿಟನ್ನುಗಳಿಗೆ ಉತ್ತರ ಭಾರತದ ಮಂಗಗಳನ್ನು ವಿಮಾನದಲ್ಲಿ ತುಂಬಿ ಕಳಿಸುತ್ತಿದ್ದರು. 1955ರ ಜನವರಿಯಲ್ಲಿ ದೆಹಲಿಯಿಂದ ನ್ಯೂಯಾರ್ಕಿಗೆ ಹೊರಟಿದ್ದ ಒಂದು ತಂಡ ಲಂಡನ್ನಿನಲ್ಲಿ ಇಳಿಯಿತು. ಮುಂದಿನ ವಿಮಾನದವರೆಗೆ ಪಂಜರಗಳನ್ನು ಗಾಳಿಯಾಡದ ವ್ಯಾನಿನಲ್ಲಿ ಇಟ್ಟರು. ಸುಮಾರು 400 ಮಂಗಗಳು ಉಸಿರುಗಟ್ಟಿ ಸತ್ತವು. ಅದು ಲಂಡನ್ನಿನ ಚಳಿಗಾಲ ಎಂಬುದನ್ನು ಗಮನಿಸಿ. ಮುಚ್ಚಿದ ಜಾಗದಲ್ಲಿ ಪ್ರಾಣಿಗಳ ಮೈಶಾಖವೇ ಸಾಕು, ಬಿಸಿಲು ಬೇಕೆಂದೇನಿಲ್ಲ. ದೊಡ್ಡ ಗಲಾಟೆಯಾಗಿ ಭಾರತ ಸರ್ಕಾರ ಅದೇ ವರ್ಷ ಕೆಲಕಾಲ ರಫ್ತು ನಿಲ್ಲಿಸಿತು, ಆಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟಿತು.

ಇಂಥ ಸಾವುಗಳ ನಂತರವೇ ನಿಯಮಗಳು ಬಂದವು. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಆಯಿತು. 1969ರಲ್ಲಿ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ ಜೀವಂತ ಪ್ರಾಣಿಗಳ ಸಾಗಣೆಗೆ ತನ್ನ ಮೊದಲ ನಿಯಮಪುಸ್ತಕ ತಂದಿತು. ನಮ್ಮ ಪ್ರಾಣಿ ಸಾಗಣೆ ನಿಯಮಗಳು 1978ರವು. ಅದರಲ್ಲಿ ಮಂಗಗಳ ಅಧ್ಯಾಯ ನಾಯಿ, ಬೆಕ್ಕುಗಳದ್ದಕ್ಕಿಂತ ದೊಡ್ಡದು. ಮೊರಾರ್ಜಿ ದೇಸಾಯಿ ಸರ್ಕಾರ ಮಂಗಗಳ ರಫ್ತನ್ನೇ ನಿಲ್ಲಿಸಿದ್ದೂ ಅದೇ 1978ರಲ್ಲಿ! ನಾಯಿ, ಬೆಕ್ಕುಗಳನ್ನು ಒತ್ತಡ ಮತ್ತು ಉಷ್ಣಾಂಶ ಹದದಲ್ಲಿರುವ ಖಾನೆಯಲ್ಲಿ ಇಡಬೇಕೆಂದು ಆ ನಿಯಮ ಹೇಳುತ್ತದೆ, ಅದೂ ವಿದೇಶಕ್ಕೆ ಒಯ್ಯುವಾಗ. ಹೈದರಾಬಾದಿನಿಂದ ದೆಹಲಿಗೆ ಹೋಗುವ ನಾಯಿ ಮೇ ತಿಂಗಳ ಬಿಸಿಲಲ್ಲಿ ಟ್ರಾಲಿಯ ಮೇಲೆ ಎಷ್ಟು ಹೊತ್ತು ನಿಲ್ಲಬಹುದು ಎಂಬ ಮಾತು ಅಲ್ಲಿಲ್ಲ.

ಆ ಲೆಕ್ಕ ಹಾಕಿದವರು ಅಮೆರಿಕದವರು. ಅಲ್ಲಿನ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾದ ಮೇಲೆ ಬಂದ ನಿಯಮದ ಪ್ರಕಾರ 85 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 29.5 ಸೆಲ್ಸಿಯಸ್ ಮೀರಿದ ಕಡೆ ನಾಯಿಯನ್ನು ಕಟ್ಟಡದಿಂದ ವಿಮಾನಕ್ಕೆ ಸಾಗಿಸುವಾಗ 45 ನಿಮಿಷಕ್ಕಿಂತ ಹೆಚ್ಚು ಇರಿಸುವಂತಿಲ್ಲ. ಈ ಅಳತೆಕೋಲನ್ನು ಶಂಶಾಬಾದಿಗೆ ತಂದು ನೋಡಿ. ವಿಮಾನ ನಿಲ್ದಾಣ 2008ರಲ್ಲಿ ಬೇಗಂಪೇಟೆಯಿಂದ ಅಲ್ಲಿಗೆ ಹೋಯಿತು. ಈಗ ಊರಿಂದ ಹೋಗುವ ಕಾರಿನ ದಾರಿಯೂ ಕಾಯುವಿಕೆಗೆ ಸೇರುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನ ರಾತ್ರಿಯ ಕನಿಷ್ಠ ಉಷ್ಣಾಂಶವೇ 26ರ ಆಸುಪಾಸು. ಹೊತ್ತೇರುತ್ತಲೇ 30 ದಾಟುತ್ತದೆ, ಮಧ್ಯಾಹ್ನ 40. 1966ರ ಜೂನ್ 2ರಂದು 45.5ಕ್ಕೆ ಹೋಗಿತ್ತು. ಇದೆಲ್ಲ ನೆರಳಿನ ಲೆಕ್ಕ. ಕಾಂಕ್ರೀಟಿನ ಮೇಲೆ ಇನ್ನೂ ಹೆಚ್ಚು. ಆ ನಿಯಮಕ್ಕೆ ಒಗ್ಗುವುದು ಬೆಳಗಿನ ಜಾವವೊಂದೇ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತ ಬಾಯಿ, ಮೂಗಿನ ಒದ್ದೆಯನ್ನು ಆವಿ ಮಾಡಿಯೇ ತಂಪು ಮಾಡಿಕೊಳ್ಳಬೇಕು. ಗಾಳಿಯಾಡದ ಪಂಜರದಲ್ಲಿ ಅದೇ ಆವಿ ತುಂಬಿಕೊಂಡು ತೇಕುವುದು ದಂಡವಾಗುತ್ತದೆ, ತೇಕುವ ಶ್ರಮಕ್ಕೆ ಮೈ ಮತ್ತಷ್ಟು ಕಾಯುತ್ತದೆ. ಮೂಗೇ ಇಲ್ಲದಂತಿರುವ ಪಗ್‌ಗೆ ಇದು ದುಪ್ಪಟ್ಟು ಕಷ್ಟ. 2005ರಿಂದ 2010ರವರೆಗೆ ಅಮೆರಿಕದ ವಿಮಾನ ಕಂಪನಿಗಳು ವರದಿ ಮಾಡಿದ 122 ನಾಯಿಗಳ ಸಾವಿನಲ್ಲಿ ಸುಮಾರು ಅರ್ಧದಷ್ಟು ಮೋಟುಮೂಗಿನವು. ಬುಲ್‌ಡಾಗ್ 25, ಪಗ್ 11. ನಮ್ಮಲ್ಲಿ ಪಗ್ ಮನೆಮನೆಗೆ ಬಂದದ್ದು 2003ರ ಹಚ್ ಜಾಹೀರಾತಿನ ನಂತರ. ಹುಡುಗನ ಹಿಂದೆ ಎಲ್ಲೆಲ್ಲೂ ಹೋಗುವ ನಾಯಿ ಎಂದು ತೋರಿಸಿದ್ದು, ಎಲ್ಲೆಲ್ಲೂ ಹೋಗಲಾರದ ತಳಿಯನ್ನು. ನಮ್ಮ ಮುಧೋಳದ ನಾಯಿಯ ಉದ್ದ ಮೂತಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. 2021ರಲ್ಲಿ ವಾಯುಪಡೆ ಆ ಮರಿಗಳನ್ನು ಒಯ್ದದ್ದು ರನ್‌ವೇಯ ಹಕ್ಕಿ ಓಡಿಸಲು. ಬಿಸಿಲಿನ ಟಾರ್ಮ್ಯಾಕ್ ಮೇಲೆ ಕೆಲಸಕ್ಕೇ ನಿಲ್ಲುವ ನಾಯಿ ಅದು.

ಗೆಳೆಯನಿಗೆ ಇಷ್ಟು ಹೇಳಿದೆ: ನಡುವೆ ವಿಮಾನ ಬದಲಿಸುವುದು ಬೇಡ, ನೇರ ವಿಮಾನವೇ ಆಗಲಿ, ಅದೂ ನಸುಕಿನದು. ದೆಹಲಿಯಲ್ಲಿ ಇಳಿಯುವ ಹೊತ್ತಿಗೂ ಬಿಸಿಲೇರಿರಬಾರದು. ಪಂಜರ ನಾಯಿ ಎದ್ದು ನಿಂತು ತಿರುಗುವಷ್ಟು ದೊಡ್ಡದಿರಲಿ, ಎಲ್ಲ ಬದಿಗೂ ಗಾಳಿಕಿಂಡಿ ಬೇಕು; ಈಗಲೇ ಮನೆಗೆ ತಂದು ಅದರಲ್ಲೇ ಮಲಗಿಸಿ ರೂಢಿ ಮಾಡಿಸು. ನೀರಿನ ಬಟ್ಟಲು ಹಿಂದಿನ ರಾತ್ರಿ ಫ್ರೀಜರಿನಲ್ಲಿಡು, ಕರಗುತ್ತ ಹೋಗುತ್ತದೆ, ಚೆಲ್ಲುವುದಿಲ್ಲ. ಬಾಯಿಗೆ ಕುಕ್ಕೆ ಹಾಕಬೇಡ. ಸುಮ್ಮನಿರಲಿ ಎಂದು ನಿದ್ದೆಮಾತ್ರೆಯನ್ನಂತೂ ಕೊಡಲೇಬೇಡ. ಉಸಿರಾಟ, ರಕ್ತದೊತ್ತಡ ಎರಡೂ ಕುಗ್ಗುತ್ತವೆ, ತೇಕಿ ತಂಪಾಗುವ ಶಕ್ತಿಯೂ ಹೋಗುತ್ತದೆ. ಕೆಲವು ಕಂಪನಿಗಳು ಸಣ್ಣ ಪ್ರಾಣಿಯನ್ನು ನಮ್ಮ ಜೊತೆಗೇ ಬಿಡುತ್ತವೆ, ಆದರೆ ಅದಕ್ಕೆ ತೂಕದ ಮಿತಿಯಿದೆ. ಅವನ ಪಗ್ ಬಿರಿಯಾನಿ ತಿಂದು ಹನ್ನೆರಡು ಕೆ.ಜಿ. ದಾಟಿತ್ತು.

2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು ಚೀತಾಗಳನ್ನು ಗ್ವಾಲಿಯರಿಗೆ ತಂದಾಗ ಪಂಜರಗಳನ್ನು ಕೆಳಗಿಡದೆ, ಬೋಯಿಂಗ್ 747ರ ಮೇಲಿನ ಕ್ಯಾಬಿನ್ನಿನಲ್ಲೇ ಪಶುವೈದ್ಯರ ಕೈಗೆ ಸಿಗುವಂತೆ ಇಟ್ಟಿದ್ದರು. ರಾತ್ರಿಯಿಡೀ ಹಾರಿ ಬೆಳಿಗ್ಗೆ ಬಂದಿಳಿದವು. ಅದನ್ನು ಹೇಳಿದಾಗ ಗೆಳೆಯ ನಕ್ಕು, "ನಾ ನವಾಬನೂ ಅಲ್ಲ, ನನ್ನ ನಾಯಿ ಚೀತಾನೂ ಅಲ್ಲ" ಎಂದ. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ರೈಲಿನ ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆ ಪೂರ್ತಿ ಹಿಡಿದರೆ ನಾಯಿಯನ್ನು ಜೊತೆಗೇ ಒಯ್ಯಬಹುದು. ಗಂಡ ಹೆಂಡತಿ ಇಬ್ಬರ ಟಿಕೆಟೂ ಆಗಿತ್ತು. ಒಂದು ಹಗಲು, ಒಂದು ರಾತ್ರಿಯ ದಾರಿ. ಪಗ್ ನಾಗಪುರದವರೆಗೂ ಗೊರಕೆ ಹೊಡೆಯಿತಂತೆ.