ಉಸಿರಾಟದ ಕ್ರಮ ಮತ್ತು ಹೃದಯ ಬಡಿತದ ಏರಿಳಿತ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಆರೋಗ್ಯವಂತ ವ್ಯಕ್ತಿಯ ಹೃದಯವು ಗಡಿಯಾರದಂತೆ ಸಮಾನ ಅಂತರದಲ್ಲಿ ಬಡಿಯುವುದಿಲ್ಲ. ನಾಡಿಯು ನಿಮಿಷಕ್ಕೆ 60 ಇದ್ದರೂ ಎರಡು ಬಡಿತಗಳ ನಡುವಿನ ಅವಧಿಯು ಒಮ್ಮೆ 0.9 ಸೆಕೆಂಡು, ಮತ್ತೊಮ್ಮೆ 1.1 ಸೆಕೆಂಡು ಇರಬಹುದು. ಇದನ್ನು ಹೃದಯ ಬಡಿತದ ಏರಿಳಿತ ಎನ್ನಲಾಗುತ್ತದೆ. ಇದರ ಒಂದು ಮುಖ್ಯ ಕಾರಣ ಉಸಿರಾಟ.

ಕಾರಣ
ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರವು ಬಡಿತವನ್ನು ನಿಧಾನಗೊಳಿಸುತ್ತದೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಈ ನರದ ಹಿಡಿತವು ಸಡಿಲಗೊಂಡು ಬಡಿತವು ಹೆಚ್ಚುತ್ತದೆ. ಹೊರಬಿಡುವಾಗ ಹಿಡಿತವು ಮರಳಿ ಬಡಿತವು ತಗ್ಗುತ್ತದೆ. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಬಾರಿ ಉಸಿರಾಡುತ್ತಾರೆ. ಇದನ್ನು ಸುಮಾರು 6ಕ್ಕೆ ಇಳಿಸಿದಾಗ, ರಕ್ತದೊತ್ತಡವನ್ನು ಸರಿದೂಗಿಸುವ ಶರೀರದ ಸಹಜ ಲಯದೊಂದಿಗೆ ಉಸಿರು ಹೊಂದಿಕೊಂಡು ಏರಿಳಿತವು ಗರಿಷ್ಠ ಮಟ್ಟಕ್ಕೆ ಬರುತ್ತದೆ.

ಬೆಂಗಳೂರಿನ ಅಧ್ಯಯನ
ಬೆಂಗಳೂರಿನ ವಿವೇಕಾನಂದ ಕೇಂದ್ರ ಯೋಗ ಸಂಶೋಧನಾ ಪ್ರತಿಷ್ಠಾನದ ಸಂಶೋಧಕರು 12 ಪುರುಷರಲ್ಲಿ ಕಪಾಲಭಾತಿ ಹಾಗೂ ನಾಡಿಶುದ್ಧಿ ಪ್ರಾಣಾಯಾಮಗಳನ್ನು ಪರೀಕ್ಷಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೆಕೆಂಡಿಗೆ 2 ಬಾರಿ ಉಸಿರು ಹೊಮ್ಮಿಸುವ ಕಪಾಲಭಾತಿಯ ನಂತರ ವೇಗಸ್ ನರದ ಪ್ರಭಾವವು ತಗ್ಗಿ, ಶರೀರವನ್ನು ಚುರುಕುಗೊಳಿಸುವ ನರಗಳ ಪ್ರಭಾವವು ಹೆಚ್ಚಿದ ಸೂಚನೆ ಕಂಡುಬಂದಿತು. ನಾಡಿಶುದ್ಧಿಯ ನಂತರ ಗಣನೀಯ ಬದಲಾವಣೆ ಕಾಣಲಿಲ್ಲ. ಅಧ್ಯಯನವು ಚಿಕ್ಕದಾದರೂ, ಎಲ್ಲ ಪ್ರಾಣಾಯಾಮಗಳ ಪರಿಣಾಮವೂ ಒಂದೇ ಎಂಬ ಭಾವನೆ ಸರಿಯಲ್ಲವೆಂದು ಇದರಿಂದ ತಿಳಿದುಬರುತ್ತದೆ.

ಅರ್ಜಿದಾರರ ಗಮನಕ್ಕೆ
ದೈಹಿಕ ಅರ್ಹತಾ ಪ್ರಮಾಣ ಪತ್ರಕ್ಕಾಗಿ ಬರುವ ಯುವಜನರ ಇ.ಸಿ.ಜಿ. ವರದಿಯಲ್ಲಿ ‘ಸೈನಸ್ ಅರಿದ್ಮಿಯಾ’ ಎಂದು ನಮೂದಾಗಿದ್ದಲ್ಲಿ ಗಾಬರಿಯಾಗುವ ಅಗತ್ಯವಿಲ್ಲ. ಉಸಿರಿನೊಂದಿಗೆ ಏರಿಳಿಯುವ ಬಡಿತಕ್ಕೆ ಈ ಹೆಸರಿದ್ದು, ಯುವಜನರಲ್ಲಿ ಇದು ಸಾಮಾನ್ಯವಾಗಿ ರೋಗವಲ್ಲ. ಆದರೆ ಉಸಿರಿಗೆ ಸಂಬಂಧವಿಲ್ಲದೆ ಬಡಿತವು ತಪ್ಪುವುದು ರೋಗದ ಲಕ್ಷಣವಾಗಿರಬಹುದು. ಇವೆರಡರ ವ್ಯತ್ಯಾಸವನ್ನು ವೈದ್ಯಾಧಿಕಾರಿಗಳೇ ನಿರ್ಧರಿಸತಕ್ಕದ್ದು.

ಎಚ್ಚರಿಕೆಗಳು
1. ನಿಧಾನ ಉಸಿರಾಟವು ಔಷಧಿಗೆ ಬದಲಿಯಲ್ಲ. ರಕ್ತದೊತ್ತಡ ಅಥವಾ ಹೃದ್ರೋಗದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.
2. ಹೃದ್ರೋಗಿಗಳು, ಅಧಿಕ ರಕ್ತದೊತ್ತಡ ಉಳ್ಳವರು ಹಾಗೂ ಗರ್ಭಿಣಿಯರು ಕಪಾಲಭಾತಿಯಂತಹ ವೇಗದ ಉಸಿರಾಟವನ್ನು ವೈದ್ಯರನ್ನು ಕೇಳದೆ ಮಾಡಬಾರದು.
3. ಅಭ್ಯಾಸದ ವೇಳೆ ತಲೆಸುತ್ತು ಬಂದಲ್ಲಿ ಕೂಡಲೇ ನಿಲ್ಲಿಸಿ ಸಹಜವಾಗಿ ಉಸಿರಾಡತಕ್ಕದ್ದು.
4. ಕೈಗಡಿಯಾರದಂತಹ ಉಪಕರಣಗಳು ತೋರಿಸುವ ಅಂಕಿಗಳು ವಯಸ್ಸು, ನಿದ್ರೆ ಹಾಗೂ ಉಸಿರಾಟದ ವೇಗಕ್ಕೆ ಅನುಗುಣವಾಗಿ ಬದಲಾಗುತ್ತವೆ. ಅವುಗಳಿಂದಲೇ ರೋಗನಿರ್ಣಯ ಸಾಧ್ಯವಿಲ್ಲ.

ಸೌಲಭ್ಯ
ಕೊರಟಗೆರೆ ತಾಲ್ಲೂಕಿನ ಕಸಬಾ, ಹೊಳವನಹಳ್ಳಿ, ಚನ್ನರಾಯನದುರ್ಗ ಮತ್ತು ಕೋಳಾಲ ಹೋಬಳಿಗಳ 30 ವರ್ಷ ಮೇಲ್ಪಟ್ಟ ನಾಗರಿಕರು ರಕ್ತದೊತ್ತಡ ಹಾಗೂ ಮಧುಮೇಹದ ಉಚಿತ ತಪಾಸಣೆಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹಿಂದಿನ ಚಿಕಿತ್ಸಾ ಚೀಟಿಗಳಿದ್ದಲ್ಲಿ ಜೊತೆಗೆ ತರುವುದು. ಎದೆನೋವು, ಉಸಿರುಗಟ್ಟುವಿಕೆ ಅಥವಾ ಪ್ರಜ್ಞೆ ತಪ್ಪಿದ ಸಂದರ್ಭದಲ್ಲಿ ಕಾಯದೆ 108ಕ್ಕೆ ಕರೆ ಮಾಡಲು ಕೋರಲಾಗಿದೆ.