ಪದವೀಧರರು ಮತ್ತು ವಿಶ್ವವಿದ್ಯಾಲಯದ ಅನುದಾನ: ಶಿರಸಿ, ಸಿದ್ದಾಪುರ, ಯಲ್ಲಾಪುರ

ತಾವು ಓದಿದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬೊಕ್ಕಸದ ಹಣ ಕೊಡಿಸಲು ಹಳೆಯ ವಿದ್ಯಾರ್ಥಿಗಳು ಶಾಸಕರ ಬೆನ್ನು ಹತ್ತುವುದು ಅಮೆರಿಕದ ರಾಜ್ಯಗಳಲ್ಲಿ ಬಜೆಟ್ ಅಧಿವೇಶನದ ಕಾಲದ ವಾಡಿಕೆ. ಹಳೆಯ ವಿದ್ಯಾರ್ಥಿ ಸಂಘಗಳೇ ಅದಕ್ಕೊಂದು ದಿನ ಗೊತ್ತುಮಾಡಿ ಶಾಸನಸಭೆಗೆ ಹೋಗುತ್ತವೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಅಂಥ ಪದ್ಧತಿ ಬೇರೂರಲಿಲ್ಲ. ಹಾಗೆಂದು ಇಲ್ಲಿನ ಓದಿದವರು ಸರ್ಕಾರವನ್ನು ಏನೂ ಕೇಳಲಿಲ್ಲ ಎನ್ನುವಂತಿಲ್ಲ. ಕೇಳಿದರು, ಪಡೆದರು ಕೂಡ. ಆದರೆ ಕೇಳಿದ್ದು ಕಾಲೇಜು, ಕಟ್ಟಡ, ಹೊಸ ಕೋರ್ಸು. ವಿಶ್ವವಿದ್ಯಾಲಯದ ವರ್ಷವರ್ಷದ ಖರ್ಚನ್ನು ಯಾರು ಹೊರಬೇಕು ಎಂಬ ಮಾತು ಆ ಬೇಡಿಕೆಗಳಲ್ಲಿ ಬರಲಿಲ್ಲ. ಇದಕ್ಕೆ ಜನರ ಉದಾಸೀನಕ್ಕಿಂತ ಪ್ರಾತಿನಿಧ್ಯದ ರಚನೆಯೇ ಹೆಚ್ಚು ಕಾರಣ ಎಂಬುದನ್ನು ಇಲ್ಲಿನ ಇತಿಹಾಸ ತೋರಿಸುತ್ತದೆ.

ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಇಲ್ಲಿಯವರಿಗೆ ಪದವಿ ಕೊಟ್ಟದ್ದು 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ. ಅಲ್ಲಿನ ಪದವೀಧರರಿಗೆ ಅಧಿಕಾರದ ಹತ್ತಿರ ಹೋಗಲು ಎರಡು ದಾರಿಗಳಿದ್ದವು. ನೋಂದಾಯಿತ ಪದವೀಧರರು ಸೆನೆಟ್‌ಗೆ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಪ್ರಾಂತದ ಶಾಸನ ಪರಿಷತ್ತಿನಲ್ಲಿ ವಿಶ್ವವಿದ್ಯಾಲಯಕ್ಕೇ ಪ್ರತ್ಯೇಕ ಸ್ಥಾನವಿತ್ತು. ಕೆ.ಎಂ. ಮುನ್ಶಿ 1927ರಲ್ಲಿ ಪರಿಷತ್ತು ಸೇರಿದ್ದು ಆ ಸ್ಥಾನದಿಂದಲೇ. ಮತದಾರರು ಬೆರಳೆಣಿಕೆಯವರು, ಬಹುಪಾಲು ಉಳ್ಳವರು ಎಂಬುದು ನಿಜ. ಆದರೂ ವಿಶ್ವವಿದ್ಯಾಲಯದ ಕಾಯ್ದೆ, ಅದರ ಆದಾಯ ಇವುಗಳ ಬಗ್ಗೆ ಸಭೆಯಲ್ಲಿ ಮಾತಾಡಬೇಕಾದ ಒಬ್ಬ ಸದಸ್ಯ ಇರುತ್ತಿದ್ದ. ಇತ್ತ ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಆ ಕಾಲೇಜಿಗಾಗಿ ಅರಟಾಳ ರುದ್ರಗೌಡರಂಥವರು ಊರೂರು ವಂತಿಗೆ ಎತ್ತಿದ್ದು ಬೋಧಪ್ರದ. ಮುಂಬಯಿ ಕರ್ನಾಟಕದಲ್ಲಿ ಜನ ಮೊದಲು ಕೈಯಿಂದ ಹಣ ಹಾಕಿದರು, ಆಮೇಲೆ ಸರ್ಕಾರ ಕಾಲೇಜು ಕೊಟ್ಟಿತು. ಸ್ವಾತಂತ್ರ್ಯಾನಂತರ ಬಿ.ಜಿ. ಖೇರ್ ಸರ್ಕಾರ ಪುಣೆ, ಬರೋಡ, ಗುಜರಾತ್ ವಿಶ್ವವಿದ್ಯಾಲಯಗಳ ಕಾಲಕ್ಕೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನೂ ಕಾಯ್ದೆಯ ಮೂಲಕ ಸ್ಥಾಪಿಸಿತು. ಮುಂಬಯಿಯಲ್ಲಿ ಆರಂಭವಾದ ಕಚೇರಿ ಮರುವರ್ಷ ಧಾರವಾಡಕ್ಕೆ ಬಂತು. ಕನ್ನಡ ನಾಡಿನ ಏಕೀಕರಣ ಬಯಸಿದವರು ದಶಕಗಳಿಂದ ಕೇಳಿದ್ದು ಇದು; ಆದರೆ ಅವರು ಕೇಳಿದ್ದು ವಿಶ್ವವಿದ್ಯಾಲಯದ ಸ್ಥಾಪನೆಯನ್ನು, ಪೋಷಣೆಯ ಹೊಣೆ ಯಾರದೆಂದು ಬರೆದಿಡುವುದನ್ನಲ್ಲ.

ಶಿರಸಿ ಸೀಮೆಯಲ್ಲೂ ಇದೇ ಕ್ರಮ ನಡೆಯಿತು. ಇದು 1923ರಲ್ಲೇ ತೋಟಗಾರ್ಸ್ ಸೊಸೈಟಿ ಕಟ್ಟಿದ, ಸಂಘ ಮಾಡಿ ಕೆಲಸ ಸಾಧಿಸುವ ರೂಢಿಯಿದ್ದ ಅಡಿಕೆ ನಾಡು. ಶಿರಸಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜನ್ನು ಮಾಡರ್ನ್ ಎಜ್ಯುಕೇಶನ್ ಸೊಸೈಟಿ ಕಟ್ಟಿತು, ಸಿದ್ದಾಪುರದ ಎಂ.ಜಿ.ಸಿ. ಕಾಲೇಜು ಗಾಂಧಿ ಶತಮಾನೋತ್ಸವದ ಹೆಸರಿನಲ್ಲಿ ಎದ್ದಿತು. ಯಲ್ಲಾಪುರಕ್ಕೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಂತು. ಖಾಸಗಿ ಕಾಲೇಜುಗಳಲ್ಲಿ ಆಡಳಿತ ಮಂಡಳಿ ಜಾಗ, ಕಟ್ಟಡ ನೋಡಿಕೊಂಡರೆ ವೇತನಾನುದಾನ ಸರ್ಕಾರದ್ದು. ಹೀಗಾಗಿ ಶಾಸಕರ ಮನೆಗೆ ಹೋದವರ ಅರ್ಜಿಯಲ್ಲಿ ಅನುದಾನಕ್ಕೆ ಒಳಪಡಿಸುವುದು, ಹುದ್ದೆ ಮಂಜೂರು ಮಾಡುವುದು ಇವೇ ಇರುತ್ತಿದ್ದವು. ನಿವೃತ್ತರಾದವರ ಜಾಗ ತುಂಬದೆ ಅತಿಥಿ ಉಪನ್ಯಾಸಕರಿಂದ ಪಾಠ ನಡೆಸುವ ಕಾಲ ಬಂದಾಗಲೂ ದೂರು ಕಾಲೇಜಿನ ಮಟ್ಟದಲ್ಲೇ ನಿಂತಿತು.

ಇಲ್ಲಿ ಒಂದು ಆಕ್ಷೇಪ ಸಹಜ: ಕೆಲಸ ಮಾಡಿಸಿದ್ದು ಹಳೆಯ ವಿದ್ಯಾರ್ಥಿಗಳಲ್ಲ, ಪ್ರಬಲ ರಾಜಕಾರಣಿಗಳು. 1985ರಲ್ಲಿ ಶಿರಸಿಗೆ ಅರಣ್ಯ ಮಹಾವಿದ್ಯಾಲಯ ಬಂದಾಗ ಮುಖ್ಯಮಂತ್ರಿ ಆಗಿದ್ದವರು ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ. ಅವರು ಓದಿದ್ದು ಕಾಶಿ ಮತ್ತು ಲಖನೌಗಳಲ್ಲಿ. ಧಾರವಾಡದ ಪದವಿಗೂ ಅವರಿಗೂ ಸಂಬಂಧವಿಲ್ಲ. ಆಕ್ಷೇಪವನ್ನು ಒಪ್ಪಬೇಕು, ಆದರೆ ಅದು ಮೇಲಿನ ವಾದವನ್ನೇ ಗಟ್ಟಿ ಮಾಡುತ್ತದೆ. ಊರಿನವರೆಂಬ ನಂಟಿನಿಂದ ಬಂದದ್ದು ಊರಿಗೆ ಸಿಗುವ ಸಂಸ್ಥೆ. ಅರಣ್ಯ ಮಹಾವಿದ್ಯಾಲಯ ಮರುವರ್ಷ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭಾಗವಾಯಿತು. ಆ ವಿಶ್ವವಿದ್ಯಾಲಯದ ಬಜೆಟ್ ಮಾತ್ರ ಶಿರಸಿಯ ರಾಜಕೀಯದ ವಿಷಯವಾಗಲಿಲ್ಲ. ಅರಣ್ಯ ಪದವೀಧರರು ಒಗ್ಗಟ್ಟಾಗಿ ಸರ್ಕಾರದ ಎದುರು ನಿಂತದ್ದುಂಟು. ವಲಯ ಅರಣ್ಯಾಧಿಕಾರಿಗಳ ನೇಮಕದಲ್ಲಿ ತಮ್ಮ ಪಾಲು ಕುಗ್ಗಬಾರದೆಂದು ಪೊನ್ನಂಪೇಟೆಯ ಅರಣ್ಯ ಕಾಲೇಜಿನವರ ಜತೆ ಸೇರಿ ಹೋರಾಡಿದರು. ಸಂಘಟನೆಯ ಶಕ್ತಿ ಇದೆ ಎನ್ನಲು ಇದಕ್ಕಿಂತ ಪುರಾವೆ ಬೇಡ. ವಿಷಯ ಮಾತ್ರ ಉದ್ಯೋಗದ್ದು.

ಹಾಗಾದರೆ ಪದವೀಧರ ಕ್ಷೇತ್ರ ಇದೆಯಲ್ಲ ಎನ್ನಬಹುದು. ಬ್ರಿಟನ್ ತನ್ನ ವಿಶ್ವವಿದ್ಯಾಲಯ ಸ್ಥಾನಗಳನ್ನು 1948ರ ಕಾಯ್ದೆಯಿಂದ ತೆಗೆದುಹಾಕಿದರೆ, ನಮ್ಮ ಸಂವಿಧಾನದ 171ನೇ ವಿಧಿ ವಿಧಾನ ಪರಿಷತ್ತಿನ ಸುಮಾರು ಹನ್ನೆರಡನೇ ಒಂದು ಭಾಗವನ್ನು ಪದವೀಧರರಿಗೆ ಬಿಟ್ಟಿತು. ಕರ್ನಾಟಕದ 75 ಸ್ಥಾನಗಳಲ್ಲಿ ಇವು 7. ಉತ್ತರ ಕನ್ನಡ ಇರುವುದು ಧಾರವಾಡ, ಗದಗ, ಹಾವೇರಿಗಳ ಜತೆ ಕರ್ನಾಟಕ ಪಶ್ಚಿಮ ಕ್ಷೇತ್ರದಲ್ಲಿ, ಎಚ್.ಕೆ. ಪಾಟೀಲರು 1984ರಿಂದ ಹಲವು ಅವಧಿಗೆ, ಇತ್ತೀಚೆಗೆ ಎಸ್.ವಿ. ಸಂಕನೂರರು ಇಲ್ಲಿಂದ ಗೆದ್ದವರು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾದ ಮೇಲೆ, 2023ರಲ್ಲಿ ಹಾವೇರಿ ಬೇರೆಯಾಗುವವರೆಗೆ, ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಇದ್ದದ್ದೂ ಇವೇ ನಾಲ್ಕು ಜಿಲ್ಲೆಗಳು. ಒಂದು ವಿಶ್ವವಿದ್ಯಾಲಯಕ್ಕೂ ಒಬ್ಬ ಶಾಸಕನಿಗೂ ಇಷ್ಟು ಸರಿಯಾಗಿ ಗಡಿ ಕೂಡಿ ಬರುವುದು ಅಪರೂಪ. ಆದರೆ ಮತದಾರರ ಪಟ್ಟಿ ಹೇಳುವುದು ಬೇರೆ. ಹೆಸರು ಸೇರಿಸಲು ಬೇಕಾದ್ದು ಭಾರತದ ಯಾವುದೇ ವಿಶ್ವವಿದ್ಯಾಲಯದ ಪದವಿ ಮತ್ತು ಆ ಕ್ಷೇತ್ರದ ವಾಸ. ಧಾರವಾಡದಲ್ಲಿ ಓದಿ ಬೆಂಗಳೂರು ಸೇರಿದ ಯಲ್ಲಾಪುರದವರು ಬೆಂಗಳೂರಿನ ಮತದಾರರು. ಬೇರೆಲ್ಲೋ ಓದಿ ಶಿರಸಿಯಲ್ಲಿ ನೆಲೆಸಿದವರು ಇಲ್ಲಿಯವರು. ಐರ್ಲೆಂಡಿನ ಮೇಲ್ಮನೆಯ ವಿಶ್ವವಿದ್ಯಾಲಯ ಸ್ಥಾನಗಳಿಗೆ ಹಳೆಯ ವಿದ್ಯಾರ್ಥಿಗಳೇ ಮತದಾರರು. ಇಲ್ಲಿ ಹಾಗಲ್ಲ, ಮೇಲಾಗಿ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುವುದರಿಂದ ಹೆಸರು ಸೇರಿಸುವ ಅರ್ಜಿಯಾದ ನಮೂನೆ 18ನ್ನು ಮತ್ತೆ ತುಂಬಬೇಕು. ಮನೆ ಬಿಟ್ಟು ಹೋದವರೇ ಹೆಚ್ಚಿರುವ ಸೀಮೆಗೆ ಈ ನಿಯಮ ದುಬಾರಿ. ಇನ್ನೊಂದು ದಾರಿಯನ್ನು 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಮುಚ್ಚಿತು. ಅದರಲ್ಲಿ ಸೆನೆಟ್ ಇಲ್ಲ. ಸಿಂಡಿಕೇಟಿಗೆ ಹೊರಗಿನವರು ಬರುವುದು ನಾಮನಿರ್ದೇಶನದಿಂದ.

ಧಾರವಾಡದ ಲೆಕ್ಕಪತ್ರ ಶಿರಸಿಗೇಕೆ ಎಂಬುದು ಊರಿನಲ್ಲಿ ಕೇಳಿಬರುವ ಪ್ರಶ್ನೆ. ಪ್ರತ್ಯೇಕ ಶಿರಸಿ ಜಿಲ್ಲೆಯ ಕೂಗಿರುವ ಕಡೆ ಅದು ಅನಿರೀಕ್ಷಿತವೂ ಅಲ್ಲ. ಉತ್ತರ ಶುಲ್ಕದಲ್ಲಿದೆ. ವಿಶ್ವವಿದ್ಯಾಲಯದ ಸ್ವಂತ ಆದಾಯದ ಮುಖ್ಯ ಮೂಲ ಕಾಲೇಜುಗಳ ಸಂಯೋಜನಾ ಶುಲ್ಕ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿ, 2023ರಲ್ಲಿ ಹಾವೇರಿ ಹೀಗೆ ವಿಶ್ವವಿದ್ಯಾಲಯ ಒಡೆದಾಗಲೆಲ್ಲ ಕಾಲೇಜುಗಳು ಹೋದವು. ಹಳೆಯ ನೌಕರರ ಪಿಂಚಣಿ ಧಾರವಾಡದಲ್ಲೇ ಉಳಿಯಿತು. ನಿವೃತ್ತರು ಪಿಂಚಣಿಗಾಗಿ ಪ್ರತಿಭಟಿಸುವ ಸ್ಥಿತಿ ಬಂತು. ಸರ್ಕಾರ ಕೈ ಹಿಡಿಯದಿದ್ದರೆ ಆ ಕೊರತೆ ಉಳಿದ ಜಿಲ್ಲೆಗಳ ಶುಲ್ಕದ ಮೇಲೆ, ಎಂದರೆ ಸಿದ್ದಾಪುರದ ಬಿ.ಎ. ವಿದ್ಯಾರ್ಥಿಯ ಮೇಲೂ ಬೀಳುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ, ಪದವೀಧರರು ಸಮಾಜದ ಮೇಲಿನ ಪದರದವರು, ತೆರಿಗೆ ಹಣಕ್ಕೆ ಮೊದಲ ಹಕ್ಕು ಪ್ರಾಥಮಿಕ ಶಾಲೆಯದು, ಇವರು ಕೇಳುವ ಬದಲು ಕೊಡಲಿ ಎಂಬುದು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಧೋರಣೆಯೂ ಇಂಥದೇ: ಹಳೆಯ ವಿದ್ಯಾರ್ಥಿ ಸಂಘ ನೋಂದಣಿಯಾಗಿದೆಯೇ, ಎಷ್ಟು ದೇಣಿಗೆ ತಂದಿದೆ ಎಂದು ಅದು ನೋಡುತ್ತದೆ, ಸರ್ಕಾರದಿಂದ ಏನು ಕೊಡಿಸಿದೆ ಎಂದಲ್ಲ. ಈ ಸೀಮೆಯವರಿಗೆ ಕೊಡುವುದು ಹೊಸತಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಖಿಲ ಹವ್ಯಕ ಮಹಾಸಭೆಯಂಥ ಸಂಸ್ಥೆಗಳು ವಿದ್ಯಾರ್ಥಿವೇತನ ಕೊಡುತ್ತಲೇ ಬಂದಿವೆ. ಆದರೆ ಜಾತಿ ಸಂಘದ ನೆರವು ಆ ಜಾತಿಯ ಮಕ್ಕಳಿಗೆ. ಯಲ್ಲಾಪುರದ ಸಿದ್ದಿ, ಕುಣಬಿ ಮಕ್ಕಳಿಗೆ ಅಂಥ ಶ್ರೀಮಂತ ಬೆಂಬಲವಿಲ್ಲ, ಅವರಿಗಿರುವುದು ಸರ್ಕಾರಿ ಕಾಲೇಜು ಮತ್ತು ಅದರ ವಿಶ್ವವಿದ್ಯಾಲಯ. ದೇಣಿಗೆಯಿಂದ ಒಂದು ಸಭಾಭವನ ಏಳಬಹುದು. ಕಾಯಂ ಅಧ್ಯಾಪಕರ ಸಂಬಳ, ಪಿಂಚಣಿ ಏಳಲಾರವು.

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಾವೇರಿ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸಬಹುದೆಂಬ ಅಭಿಪ್ರಾಯಕ್ಕೆ ಬಂತು. ಹಣದ ಪ್ರಶ್ನೆಯೇ ಅದರ ಮೂಲ. ಹಾವೇರಿಯ ಕಾಲೇಜುಗಳು ಮರಳಿದರೆ ಧಾರವಾಡಕ್ಕೆ ಶುಲ್ಕ ಮರಳುತ್ತದೆ. ಪಿಂಚಣಿ ಯಾರದೆಂಬುದು ಅದರಿಂದ ತೀರುವುದಿಲ್ಲ.