ಸರಾಸರಿಯಲ್ಲಿ ಕಳೆದುಹೋದ ಹುಡುಗರು

ಕಾಲೇಜು ಹುಡುಗರ ಜಿಮ್ ಹುಚ್ಚಿಗೆ ಇನ್‌ಸ್ಟಾಗ್ರಾಮೇ ಕಾರಣ ಎಂದು ಈಚೆಗೆ ವಿಚಾರ ಸಂಕಿರಣಗಳಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಇನ್‌ಸ್ಟಾಗ್ರಾಮ್ ಬಂದದ್ದು 2010ರಲ್ಲಿ. ಬೆಂಗಳೂರಿನ ಕೆ.ವಿ. ಅಯ್ಯರ್ ತಮ್ಮ ಹರ್ಕ್ಯುಲಸ್ ವ್ಯಾಯಾಮಶಾಲೆಯಲ್ಲಿ ಹುಡುಗರ ಮೈ ಹುರಿಗಟ್ಟಿಸಿದ್ದು, ತಮ್ಮ ಕಟ್ಟುಮಸ್ತು ಮೈಯ ಚಿತ್ರಗಳನ್ನು ಅಚ್ಚು ಹಾಕಿಸಿದ್ದು ಅದಕ್ಕೂ ಎಷ್ಟೋ ದಶಕ ಮುಂಚೆ. ಅವರನ್ನು ‘ಶಾಂತಲಾ’ ಕಾದಂಬರಿಗಾಗಿ ನೆನೆಯುವ ನಾವು ಈ ಅಧ್ಯಾಯವನ್ನು ಮರೆತಿದ್ದೇವೆ.

ಆದರೆ ದೇಹಬಿಂಬದ, ಅಂದರೆ ನಮ್ಮ ಮೈಯನ್ನು ನಾವೇ ಕಾಣುವ ಬಗೆಯ, ಅಧ್ಯಯನ ಶುರುವಾದದ್ದು ವ್ಯಾಯಾಮಶಾಲೆಗಳಲ್ಲಲ್ಲ, ಆಸ್ಪತ್ರೆಗಳಲ್ಲಿ. 1935ರಲ್ಲಿ ಮನೋವೈದ್ಯ ಪಾಲ್ ಶಿಲ್ಡರ್ ಅದರ ಬಗ್ಗೆ ಒಂದು ಗ್ರಂಥ ಬರೆದರು. 1962ರಲ್ಲಿ ಹಿಲ್ಡ ಬ್ರೂಕ್ ಅದನ್ನು ಅನೊರೆಕ್ಸಿಯಾ ರೋಗಕ್ಕೆ ಜೋಡಿಸಿದರು. ಆಮೇಲೆ ಇಡೀ ಕ್ಷೇತ್ರ ಊಟ ಬಿಟ್ಟ ಹುಡುಗಿಯರ ಸುತ್ತಲೇ ತಿರುಗಿತು. ಅತೃಪ್ತಿ ಅಳೆಯುವ ಪ್ರಶ್ನೆಪಟ್ಟಿಗಳೂ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾದವು.

1985ರಲ್ಲಿ ಫ್ಯಾಲನ್ ಮತ್ತು ರೋಜಿನ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮುಂದೆ ತೆಳ್ಳಗಿನಿಂದ ದಪ್ಪದವರೆಗಿನ ರೇಖಾಚಿತ್ರಗಳನ್ನಿಟ್ಟರು. ಸರಾಸರಿ ತೆಗೆದಾಗ ಹುಡುಗರ ಈಗಿನ ಮೈಗೂ ಬಯಸುವ ಮೈಗೂ ಹೆಚ್ಚು ಅಂತರ ಕಾಣಲಿಲ್ಲ. ಗಂಡಸರು ತೃಪ್ತರು ಎಂಬ ಮಾತು ಅಲ್ಲಿಂದ ಹಬ್ಬಿತು. ಎರಡೇ ವರ್ಷಕ್ಕೆ ಡ್ರೆವ್ನಾವ್‌ಸ್ಕಿ ಮತ್ತು ಯೀ ಇಂಥ ಸರಾಸರಿಯನ್ನು ಒಡೆದು ತೋರಿಸಿದರು: ಕೆಲವರಿಗೆ ತೂಕ ಇಳಿಯಬೇಕು, ಕೆಲವರಿಗೆ ಏರಬೇಕು, ಕೂಡಿಸಿದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಹುಡುಗಿಯರು ಪಥ್ಯಕ್ಕೆ, ಹುಡುಗರು ವ್ಯಾಯಾಮಕ್ಕೆ ವಾಲುತ್ತಾರೆಂದೂ ಅವರು ಗುರುತಿಸಿದರು. ಈ ಪುಟ್ಟ ಲೇಖನಕ್ಕೆ ಸಿಗಬೇಕಾದ ಮನ್ನಣೆ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ತಲೆಮಾರಿನ ಸಂಶೋಧಕರನ್ನು ಬೆಳೆಸಿದ್ದು ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು. 1993ರಲ್ಲಿ ಅವರು 108 ದೇಹದಾರ್ಢ್ಯಪಟುಗಳನ್ನು ಮಾತಾಡಿಸಿದಾಗ, ಮೈತುಂಬ ಸ್ನಾಯುಗಳಿದ್ದೂ ತಾವು ನರಪೇತಲರೆಂದು ಕೊರಗುವವರು ಸಿಕ್ಕರು. 1997ರಲ್ಲಿ ಈ ಸ್ಥಿತಿಗೆ ಮಸಲ್ ಡಿಸ್ಮಾರ್ಫಿಯಾ ಎಂಬ ಹೆಸರು ಬಂತು. 2000ದಲ್ಲಿ ಪೋಪ್ ತಂಡ ಆಸ್ಟ್ರಿಯಾ, ಫ್ರಾನ್ಸ್, ಅಮೆರಿಕದ ಕಾಲೇಜು ಹುಡುಗರನ್ನು ಕೇಳಿತು. ಬಯಸಿದ ಮೈಯಲ್ಲಿ ಇದ್ದುದಕ್ಕಿಂತ ಸುಮಾರು 13 ಕಿಲೋ ಹೆಚ್ಚು ಸ್ನಾಯು. ತೈವಾನಿನಲ್ಲಿ ಇಂಥ ಅತೃಪ್ತಿ ಕಡಿಮೆ ಎಂದು 2005ರಲ್ಲಿ ತಿಳಿಯಿತು. ಈ ನಡುವೆ ಮೆಕ್ರಿಯರಿ ಮತ್ತು ಸ್ಯಾಸೆ ಸ್ನಾಯುಬಯಕೆ ಅಳೆಯುವ 15 ಪ್ರಶ್ನೆಗಳ ಪಟ್ಟಿ ಕೊಟ್ಟರು, ಹುಡುಗರನ್ನು ಹುಡುಗರಾಗಿಯೇ ಕೇಳಿದ ಪಟ್ಟಿ. ಅಮೆರಿಕದ ಮನೋವೈದ್ಯರ ರೋಗಕೈಪಿಡಿಯಾದ 2013ರ ಡಿಎಸ್‌ಎಂ-5 ಮಸಲ್ ಡಿಸ್ಮಾರ್ಫಿಯಾವನ್ನು ದೇಹಕುರೂಪದ ಗೀಳಿನ ಕೆಳಗೆ ಸೇರಿಸಿತು. ಊಟದ ತೊಂದರೆಗಳ ಅಧ್ಯಾಯದಲ್ಲಿ ಅದಕ್ಕೆ ಜಾಗ ಸಿಗದದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಏಕೆಂದರೆ ಇದೆಲ್ಲ ತಟ್ಟೆಯಿಂದಲೇ ಶುರು. ನಾನು ಮಾತಾಡಿಸಿದ ಹಾಸ್ಟೆಲ್ ಹುಡುಗನೊಬ್ಬ ಮೆಸ್ಸಿನ ಅನ್ನ-ಸಾರು ಬಿಟ್ಟು ಶೇಕರ್ ಅಲ್ಲಾಡಿಸಿ ತೂಕ ಏರಿಸುವ ಮಾಸ್ ಗೇನರ್ ಪುಡಿ ಕುಡಿಯುತ್ತಿದ್ದ. ತೋಳು ದಪ್ಪ ಕಾಣಲೆಂದು ಅಂಗಿಯೊಳಗೆ ಇನ್ನೊಂದು ಟೀ-ಶರ್ಟ್ ತೊಡುತ್ತಿದ್ದ. ತೊಡೆ ತೀರಾ ದಪ್ಪವೆನಿಸುತ್ತದೆಯೇ ಎಂಬ, ಹುಡುಗಿಯರಿಗಾಗಿ ಮಾಡಿದ ಹಳೆಯ ಪಟ್ಟಿಯ ಪ್ರಶ್ನೆಗೆ ‘ಎಂದೂ ಇಲ್ಲ’ ಎಂದು ಗುರುತು ಹಾಕಿ ನಕ್ಕ. “ದಪ್ಪ ಆಗ್ಲಿ ಅಂತಾನೇ ಅಲ್ವಾ ಸಾರ್ ಸ್ಕ್ವಾಟ್ ಹೊಡೆಯೋದು!” ಪಟ್ಟಿಯ ಲೆಕ್ಕದಲ್ಲಿ ಅವನು ತೃಪ್ತ.

ಇನ್ನು ಅವನ ತಟ್ಟೆಯ ಲೆಕ್ಕ. ದಿನಕ್ಕೆ, ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 60 ಕಿಲೋ ಹುಡುಗನಿಗೆ ಸುಮಾರು 50 ಗ್ರಾಂ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದೂ ಅದರ 2024ರ ಮಾರ್ಗಸೂಚಿ ಹೇಳಿತು. ಸರಿಯೇ. ಆದರೆ ಮೆಸ್ಸಿನ ನೀರು ಸಾರಿನಲ್ಲಿ ಬೇಳೆ ಎಷ್ಟಿದೆ ಎಂದು ನೋಡದೆ ಹುಡುಗನದು ಶೋಕಿ ಎನ್ನುವುದು ಸುಲಭ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರ ವಿಭಾಗ ಕನ್ನಡಿಯ ಬಗ್ಗೆ ಕೇಳುತ್ತದೆ, ಗೃಹವಿಜ್ಞಾನ ಊಟದ ಬಗ್ಗೆ, ದೈಹಿಕ ಶಿಕ್ಷಣ ಕಸರತ್ತಿನ ಬಗ್ಗೆ. ಮೂರು ಪ್ರಬಂಧ, ಮೂರು ಕಪಾಟು. ಪಿಎಚ್.ಡಿ. ಮಾರ್ಗದರ್ಶಕರಲ್ಲಿ ಕೋರಿಕೆ ಇಷ್ಟೆ: ಮೂರನ್ನೂ ಒಬ್ಬನೇ ಹುಡುಗನಿಗೆ, ಅವನ ಕನ್ನಡದಲ್ಲಿ ಕೇಳಿಸಿ, ದಪ್ಪಗಾಗಬೇಕೆನ್ನುವವರನ್ನೂ ತೆಳ್ಳಗಾಗಬೇಕೆನ್ನುವವರನ್ನೂ ಬೇರೆ ಮಾಡಿದ ಮೇಲೆಯೇ ಸರಾಸರಿ ತೆಗೆಸಿ.